ಡಾ. ಭೀಮರಾವ ಅಂಬೇಡಕರರ ಚರಿತ್ರೆ

1891ರಲ್ಲಿ ಮಹೂ ಎಂಬಲ್ಲಿ ಹುಟ್ಟಿ, ಅಸ್ಪೃಶ್ಯತೆಯ ನೋವನ್ನು ಬಾಲ್ಯದಲ್ಲಿಯೇ ಉಂಡ ಡಾ. ಅಂಬೇಡಕರರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅವರು ನಮ್ಮ ಸೀಮೆಗೆ ಪರಕೀಯರಲ್ಲ. 1925ರಲ್ಲಿ ನಿಪ್ಪಾಣಿಯಲ್ಲಿ ಕೂಡಿದ ಬಹಿಷ್ಕೃತರ ಪರಿಷತ್ತಿಗೆ ಬಂದು ಮಾತಾಡಿದರು.

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯಲ್ಲಿ ಬಡವರು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುತ್ತಿದ್ದರು. ಹೀಗೆ ಬಿಡಲ್ಪಟ್ಟವರಲ್ಲಿ ಅನೇಕರು ದಲಾಲರ ಕೈಸೇರಿ ಮುಂಬಯಿಯ ಕಾಮಾಠಿಪುರದಲ್ಲಿ ಮಾರಲ್ಪಟ್ಟರು. 1936ರ ಜೂನಿನಲ್ಲಿ ಅಂಬೇಡಕರರು ಮುಂಬಯಿಯಲ್ಲಿ ದೇವದಾಸಿಯರನ್ನೂ ಜೋಗತಿಯರನ್ನೂ ಮುರಳಿಯರನ್ನೂ ಕಂಡು, ಹಸಿವೆಯನ್ನು ತಾಳಿಯಾದರೂ ಆ ಬಾಳನ್ನು ತೊರೆಯಬೇಕೆಂದು ಬೋಧಿಸಿದರು.

ಅವರು ಅಧ್ಯಕ್ಷರಾಗಿದ್ದ ಸಮಿತಿಯು ಕರಡನ್ನು ಬರೆದ ಸಂವಿಧಾನದ 23ನೆಯ ಕಲಮು ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿತು. ಸ್ತ್ರೀಯರಿಗೆ ಆಸ್ತಿಯ ಹಕ್ಕನ್ನು ಕೊಡುವ ಹಿಂದೂ ಸಂಹಿತೆಯ ಮಸೂದೆಯನ್ನು ಸರಕಾರವು ನಿಲ್ಲಿಸಿದಾಗ, ಮುಖ್ಯವಾಗಿ ಅದರ ನಿಮಿತ್ತ 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. ಆಳುವವರ ತಪ್ಪನ್ನು ಅವರೆದುರಿಗೆ ಹೇಳುವದು ದ್ರೋಹವಲ್ಲವೆಂಬುದಕ್ಕೆ ಇದೇ ಸಾಕ್ಷಿ. 1956ರಲ್ಲಿ ತೀರಿಕೊಂಡರು.

ಮುತ್ತು ಕಟ್ಟುವದನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಆದರೂ ಪಟ್ಟಣದಲ್ಲಿ ಕೆಲಸ ಕೊಡಿಸುವೆನೆಂದು ಮುಂಗಡ ಹಣ ಹಿಡಿದು ಬರುವವನಿಗೆ ನಾವು ಮಗಳನ್ನು ಒಪ್ಪಿಸದಿರೋಣ. ನೆರೆಮನೆಯ ಮಗಳು ಹೋಗುವಾಗಲೂ ಸುಮ್ಮನಿರದಿರೋಣ.