ಹಕ್ಕಿಯ ಗುರುತು

ಮಳೆಗಾಲ ಹಿಂದೆ ಸರಿದು ನವರಾತ್ರಿ ಸಮೀಪಿಸುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡು-ತೋಟಗಳಿಗೆ ಉತ್ತರದಿಂದ ಪುಟ್ಟ ಅತಿಥಿಗಳು ಬಂದಿಳಿಯುತ್ತವೆ. ಗುಬ್ಬಚ್ಚಿಗಿಂತಲೂ ಚಿಕ್ಕದಾದ, ಹಸಿರು ಬೆರೆತ ಬೂದುಬಣ್ಣದ ಈ ಹಕ್ಕಿಗಳಿಗೆ ಕನ್ನಡದಲ್ಲಿ ಉಲಿಯಕ್ಕಿಗಳೆಂದು ಹೆಸರು. ಇಂಗ್ಲಿಷಿನಲ್ಲಿ ವಾರ್ಬ್ಲರ್ ಎನ್ನುತ್ತಾರೆ. ಕೆಲವು ಹಿಮಾಲಯದಿಂದ ಬಂದರೆ, ಕೆಲವು ಅದರಾಚೆಯ ಮಧ್ಯ ಏಷ್ಯ, ಸೈಬೀರಿಯಗಳಿಂದ ಬರುತ್ತವೆ. ಬೇಸಗೆಯವರೆಗೆ ಇಲ್ಲಿದ್ದು ಹಿಂದಿರುಗುತ್ತವೆ. ಎಲೆಗಳ ನಡುವೆ ಒಂದು ಕ್ಷಣವೂ ನಿಲ್ಲದೆ ಹುಳು ಹೆಕ್ಕುವ ಇವುಗಳಲ್ಲಿ ಒಂದು ಜಾತಿಯನ್ನು ಮತ್ತೊಂದರಿಂದ ಬೇರ್ಪಡಿಸಿ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ನವಿಲನ್ನು ಯಾರು ಬೇಕಾದರೂ ಗುರುತಿಸಿಯಾರು. ಇಂಥ ಅನಾಮಧೇಯ ಹಕ್ಕಿಗಳ ಹೆಸರು, ನೆಲೆ, ದಾರಿಗಳನ್ನು ಅರಸುವುದರಲ್ಲಿ ಆಯುಷ್ಯ ಸವೆಸಿದ ಭಾರತೀಯರಲ್ಲಿ ಅಗ್ರಗಣ್ಯರು ಸಲೀಂ ಅಲಿ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳೆತನದಲ್ಲೇ ತಂದೆ-ತಾಯಿಗಳನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಆಶ್ರಯದಲ್ಲಿ ಬೆಳೆದರು. ಬಾಲಕ ಸಲೀಂ ಒಂದು ದಿನ ಆಟದ ಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದನು. ಅದರ ಕೊರಳಲ್ಲಿ ಹಳದಿಯ ಮಚ್ಚೆಯಿತ್ತು. ಇದು ಯಾವ ಗುಬ್ಬಿಯೆಂದು ತಿಳಿಯದ ಮಾವನವರು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳುಹಿಸಿದರು. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ನೂರಾರು ಹಕ್ಕಿಗಳ ತೊಗಲುಗಳನ್ನು ತೋರಿಸಿದರು. ಒಂದು ಮಚ್ಚೆಯ ವ್ಯತ್ಯಾಸದಿಂದ ಹಕ್ಕಿಯ ಜಾತಿಯೇ ಬೇರೆಯಾಗುವುದೆಂಬ ಅರಿವು ಹುಡುಗನ ಮನಸ್ಸಿನಲ್ಲಿ ಅಂದು ನೆಲೆಯೂರಿತು.

ಆದರೆ ಹಕ್ಕಿಗಳನ್ನು ನಂಬಿ ಹೊಟ್ಟೆ ಹೊರೆಯುವುದು ಸುಲಭವಾಗಿರಲಿಲ್ಲ. ಬರ್ಮಾದಲ್ಲಿ ವ್ಯಾಪಾರಕ್ಕೆ ಕೈಹಾಕಿದರು, ಅದು ಕೈಹತ್ತಲಿಲ್ಲ. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಕಾಲ ಉಪನ್ಯಾಸಕರಾಗಿದ್ದರು. ಬಳಿಕ ಜರ್ಮನಿಗೆ ಹೋಗಿ ಬರ್ಲಿನ್ ನಗರದಲ್ಲಿ ಪ್ರಸಿದ್ಧ ಪಕ್ಷಿವಿಜ್ಞಾನಿ ಸ್ಟ್ರೆಸೆಮನ್ ಅವರ ಶಿಷ್ಯರಾದರು. ಹೆಲಿಗೋಲೆಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ವಿದ್ಯೆಯನ್ನು ಕಲಿತರು. 1930ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರ ಹುದ್ದೆಯೇ ರದ್ದಾಗಿತ್ತು. ಅವರು ಧೃತಿಗೆಡದೆ ದೇಶೀಯ ಸಂಸ್ಥಾನಗಳಿಗೆ ಒಂದು ಸಲಹೆ ಮುಂದಿಟ್ಟರು: ಖರ್ಚು ಭರಿಸಿದರೆ ಸಾಕು, ಸಂಬಳವಿಲ್ಲದೆ ಅಲ್ಲಿನ ಪಕ್ಷಿಗಳ ಸಮೀಕ್ಷೆ ನಡೆಸಿಕೊಡುವುದಾಗಿ. ಹೈದರಾಬಾದ್, ತಿರುವಾಂಕೂರುಗಳ ಸಮೀಕ್ಷೆಗಳು ಹೀಗೆ ನಡೆದವು. ಕಾಡಿನ ಬಿಡಾರಗಳಲ್ಲಿ ಪತ್ನಿ ತೆಹ್ಮೀನಾ ಅವರೇ ನೆರವಾಗಿದ್ದರು. 1939ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಆಕೆ ತೀರಿಕೊಂಡರು. ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು 1939-40ರಲ್ಲಿ. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಅವರ ಸಲಹೆಯ ಫಲ.

ಮಲೆನಾಡನ್ನೂ ಒಳಗೊಂಡಿದ್ದ ಆ ಸಂಸ್ಥಾನದ ಪಕ್ಷಿಗಳ ವರದಿ 1942-43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೂ ಅದರಲ್ಲಿ ಸೇರಿದ್ದವು. ಆಗಿನ ಸಮೀಕ್ಷೆಯಲ್ಲಿ ಹಕ್ಕಿಗಳನ್ನು ಹೊಡೆದು, ತೊಗಲನ್ನು ಸುಲಿದು ಹತ್ತಿ ತುಂಬಿ, ಸ್ಥಳ ಮತ್ತು ದಿನಾಂಕದ ಚೀಟಿ ಕಟ್ಟುತ್ತಿದ್ದರು. ಇಂದಿನವರಿಗೆ ಇದು ನಿರ್ದಯವೆನಿಸೀತು. ಆದರೆ ಉಲಿಯಕ್ಕಿಗಳ ವಿಷಯದಲ್ಲಿ ಬೇರೆ ದಾರಿ ಕಡಮೆಯಿತ್ತು. ಒಂದು ಜಾತಿಗೆ ರೆಕ್ಕೆಯ ಮೇಲೆ ನಸುಬಿಳಿಯ ಪಟ್ಟಿ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ನೆತ್ತಿಯ ನಡುವೆ ತೆಳುಗೆರೆ. ಗರಿ ಸವೆದಂತೆ ಪಟ್ಟಿ ಅಳಿಸಿಹೋಗುತ್ತದೆ. ಆಗ ಎರಡು ಪಟ್ಟಿಯದು ಒಂದು ಪಟ್ಟಿಯದಾಗಿ, ಒಂದು ಪಟ್ಟಿಯದು ಪಟ್ಟಿಯೇ ಇಲ್ಲದ್ದಾಗಿ ತೋರುತ್ತದೆ. ಹಾಡಿನಿಂದ ತಿಳಿಯೋಣವೆಂದರೆ ಗೂಡು ಕಟ್ಟುವ ಕಾಲದ ಪೂರ್ಣ ಹಾಡು ಇಲ್ಲಿ ಅಪರೂಪ; ಕೇಳುವುದು ಬಹುಮಟ್ಟಿಗೆ ಒಂದೆರಡು ಸ್ವರದ ಕೂಗು. ಕೊನೆಗೆ ರೆಕ್ಕೆಯನ್ನು ಬಿಡಿಸಿ, ಹೊರಗರಿಗಳಲ್ಲಿ ಯಾವುದು ಯಾವುದಕ್ಕಿಂತ ಉದ್ದವೆಂದು ಅಳೆದು ನೋಡಿಯೇ ತೀರ್ಮಾನಿಸಬೇಕು. ಕೂದಲೆಳೆಯಷ್ಟು ಅಂತರದ ಈ ಲೆಕ್ಕದಲ್ಲಿ ಸಲೀಂ ಅಲಿ ಎಂದೂ ಬೇಸರಪಟ್ಟವರಲ್ಲ.

ಈ ಸೂಕ್ಷ್ಮ ವಿದ್ಯೆ ಜನರ ಪ್ರಾಣದ ಪ್ರಶ್ನೆಗೂ ಸಂಬಂಧಿಸಿದ ಸಂದರ್ಭ ಮಲೆನಾಡಿನಲ್ಲೇ ಒದಗಿತು. 1957ರಲ್ಲಿ ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರೂ ಜ್ವರದಿಂದ ಮಲಗಿದರು, ಕೆಲವರು ಸತ್ತರು. ಇದೇ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗದ ವೈರಸ್ಸನ್ನು ಬೇರ್ಪಡಿಸಿದರು. ಕಾಡಿನ ಉಣುಗುಗಳು ಅದನ್ನು ಹರಡುತ್ತವೆಂದು ಕಂಡುಕೊಂಡರು. ವಿಚಿತ್ರವೆಂದರೆ, ರಷ್ಯದ ಕಾಡುಗಳಲ್ಲಿ ಉಣುಗಿನಿಂದಲೇ ಹರಡುವ ಮಿದುಳುಜ್ವರದ ವೈರಸ್ಸಿಗೆ ಇದು ಹತ್ತಿರದ್ದಾಗಿತ್ತು. ಹಾಗಾದರೆ ಪ್ರತಿ ವರ್ಷ ಉತ್ತರದಿಂದ ಬರುವ ಹಕ್ಕಿಗಳೇ ಉಣುಗುಗಳನ್ನು ಹೊತ್ತು ತಂದವೇ? ಸಂದೇಹ ಬಲವಾಯಿತು. ಉತ್ತರ ಹೇಳಲು ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ತಿಳಿಯಬೇಕಿತ್ತು. ಭಾರತದಲ್ಲಿ ಆ ತಿಳಿವಳಿಕೆ ತೀರ ಅಲ್ಪವಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿಯ ವಲಸೆ ಅಧ್ಯಯನ 1959ರಲ್ಲಿ ಆರಂಭವಾಯಿತು. ಅರುವತ್ತು ದಾಟಿದ್ದ ಸಲೀಂ ಅಲಿಯವರೇ ಅದರ ಹೊಣೆ ಹೊತ್ತರು. ಕಣ್ಣಿಗೆ ಕಾಣದಷ್ಟು ನವುರಾದ ಬಲೆಗಳಲ್ಲಿ ಹಕ್ಕಿಗಳನ್ನು ಜೀವಂತ ಹಿಡಿದು, ಜಾತಿಯನ್ನು ನಿರ್ಧರಿಸಿ, ಮೈಮೇಲಿನ ಉಣುಗುಗಳನ್ನು ಆಯ್ದು ತೆಗೆದು, ಸೊಸೈಟಿಗೆ ತಿಳಿಸಬೇಕೆಂಬ ಒಕ್ಕಣೆಯುಳ್ಳ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ ಹಾರಿಬಿಡುತ್ತಿದ್ದರು. ಜಾತಿ ತಪ್ಪಾಗಿ ಬರೆದುಕೊಂಡರೆ ಆ ಉಂಗುರವೂ, ಅದರೊಂದಿಗೆ ಸಂಗ್ರಹಿಸಿದ ಉಣುಗೂ ನಿರರ್ಥಕ. ಇಲ್ಲಿ ಉಂಗುರ ತೊಟ್ಟ ಬಾತುಗಳು ಅಂದಿನ ಸೋವಿಯತ್ ಒಕ್ಕೂಟದಲ್ಲಿ ಸಿಕ್ಕವು. ವಲಸೆಯ ದಾರಿಗಳು ನಕ್ಷೆಯ ಮೇಲೆ ಮೂಡತೊಡಗಿದವು. ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವೆಂಬುದಕ್ಕೆ ಮಾತ್ರ ಪುರಾವೆ ದೊರೆಯಲಿಲ್ಲ. ಕಾಡಿನ ಉಣುಗು, ಮಂಗ, ಇಲಿ-ಸುಂಡಿಲಿಗಳ ನಡುವೆಯೇ ಆ ರೋಗ ಸುತ್ತುತ್ತದೆ. ಸಾಗರ, ತೀರ್ಥಹಳ್ಳಿ, ಹೊಸನಗರಗಳಿಗೂ ಅದು ಹಬ್ಬಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಜನರನ್ನು ಬಲಿ ತೆಗೆದುಕೊಂಡಿತು.

ಡಿಲ್ಲನ್ ರಿಪ್ಲಿಯವರೊಡನೆ ಸಲೀಂ ಅಲಿ ರಚಿಸಿದ ಭಾರತ ಮತ್ತು ಪಾಕಿಸ್ತಾನಗಳ ಪಕ್ಷಿಗಳ ಕೈಪಿಡಿ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದಿತು. ಉಲಿಯಕ್ಕಿಗಳಿಗೆ ಮೀಸಲಾದ ಪುಟಗಳಿರುವುದು ಎಂಟನೆಯ ಸಂಪುಟದಲ್ಲಿ. ಅವುಗಳ ಪಟ್ಟಿ, ಹುಬ್ಬು, ಕೊಕ್ಕು, ಕೂಗು, ಗರಿಗಳ ಅಳತೆ ಎಲ್ಲವೂ ಅಲ್ಲಿವೆ. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ ಅವರನ್ನು ಅರಸಿಕೊಂಡು ಬಂದವು. 1987ರ ಜೂನ್ 20ರಂದು ಅವರು ಮುಂಬಯಿಯಲ್ಲಿ ನಿಧನರಾದರು.