ಗಣಿತಾಚಾರ್ಯ ಪ್ರಭುಲಾಲ ಭಟ್ನಾಗರರು

ಗಣಿತವಿದ್ಯೆಯಲ್ಲಿ ಎರಡು ಮಾರ್ಗಗಳುಂಟು. ಸಂಖ್ಯೆಗಳ ಸ್ವಭಾವವನ್ನು ಅವುಗಳಿಗಾಗಿಯೇ ವಿಚಾರಿಸತಕ್ಕದ್ದು ಒಂದು. ಗಾಳಿ, ನೀರು, ನಕ್ಷತ್ರಾದಿಗಳ ವರ್ತನೆಯನ್ನು ಗಣಿತದಿಂದ ನಿರ್ಣಯಿಸತಕ್ಕದ್ದು ಮತ್ತೊಂದು. ಈ ಎರಡನೆಯದಾದ ಅನ್ವಿತ ಗಣಿತವನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿ ಶಿಷ್ಯಪರಂಪರೆಯನ್ನು ಬೆಳೆಸಿದವರಲ್ಲಿ ಪ್ರಭುಲಾಲ ಭಟ್ನಾಗರರು ಅಗ್ರಗಣ್ಯರು.

ಇವರು ೧೯೧೨ನೆಯ ಇಸವಿ ಆಗಸ್ಟ್ ೮ರಂದು ರಾಜಪುತಾನದ ಕೋಟಾ ಪಟ್ಟಣದಲ್ಲಿ ಜನಿಸಿದರು. ಜಯಪುರದಲ್ಲಿಯೂ ಅಲಹಾಬಾದಿನಲ್ಲಿಯೂ ವಿದ್ಯಾಭ್ಯಾಸವನ್ನು ಪೂರೈಸಿ, ೧೯೪೦ರಿಂದ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಆ ಕಾಲದಲ್ಲಿ ನಕ್ಷತ್ರಗಳ ಅಂತರಂಗರಚನೆಯೇ ಇವರ ಮುಖ್ಯ ವಿಚಾರವಾಗಿದ್ದಿತು.

ತರುವಾಯ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದಾಗ ಇವರ ಕೀರ್ತಿಗೆ ಕಾರಣವಾದ ಕಾರ್ಯವು ನಡೆಯಿತು. ಅನಿಲವೆಂಬುದು ಒಂದಕ್ಕೊಂದು ತಾಗಿ ಸಿಡಿಯುತ್ತಿರುವ ಅಸಂಖ್ಯ ಕಣಗಳ ಸಮೂಹ. ಅದರ ಗತಿಯನ್ನು ತಿಳಿಸುವ ಸಮೀಕರಣವನ್ನು ಆಸ್ಟ್ರಿಯಾದ ಬೋಲ್ಟ್ಸ್‌ಮನ್ ಪಂಡಿತನು ೧೮೭೨ರಲ್ಲಿಯೇ ರಚಿಸಿದ್ದರೂ, ಅದರೊಳಗಣ ಸಂಘಟ್ಟನೆಯ ಪದವು ಬಿಡಿಸಲು ಅತಿ ಕಠಿನವಾಗಿದ್ದಿತು. ಕಲಕಿದ ಅನಿಲವು ಸಂಘಟ್ಟನೆಗಳ ಮೂಲಕ ಕ್ರಮೇಣ ಸಮಸ್ಥಿತಿಗೆ ಮರಳುವುದಷ್ಟೆ. ಆ ಮರಳುವಿಕೆಯ ವೇಗವನ್ನೇ ಆ ಪದದ ಸ್ಥಾನದಲ್ಲಿ ನಿಲ್ಲಿಸಬಹುದೆಂದು ಭಟ್ನಾಗರರು, ಗ್ರಾಸ್, ಕ್ರೂಕ್ ಎಂಬ ಮೂವರು ೧೯೫೪ರಲ್ಲಿ ಪ್ರಕಟಿಸಿದರು. ಕಣಗಳ ಸಂಖ್ಯೆ, ಆವೇಗ, ಶಕ್ತಿಗಳ ಮೊತ್ತವು ಕೆಡದಂತೆ ಎಚ್ಚರವಹಿಸಿದ್ದೇ ಈ ಸರಳತೆಯ ಬಲ. ಸ್ನಿಗ್ಧತೆ, ಉಷ್ಣವಾಹಕತೆಗಳೆರಡನ್ನೂ ಏಕಕಾಲದಲ್ಲಿ ಸರಿಯಾಗಿ ಕೊಡಲಾರದೆಂಬ ಕೊರತೆಯು ಇದಕ್ಕುಂಟು. ಆದಾಗ್ಯೂ ಮೂವರ ಹೆಸರಿನಿಂದಲೇ ಪ್ರಸಿದ್ಧವಾದ ಈ ಮಾದರಿಯು ವಿರಳ ಅನಿಲಗಳ ವಿಚಾರದಲ್ಲಿ ನೆರವಾಯಿತು. ೧೯೯೦ರ ದಶಕದಿಂದ ದ್ರವಗಳ ಹರಿವನ್ನು ಕಂಪ್ಯೂಟರಿನಲ್ಲಿ ಗಣಿಸುವ ಒಂದು ಪದ್ಧತಿಗೂ ಆಧಾರವಾಯಿತು.

೧೯೫೬ರಲ್ಲಿ ಭಟ್ನಾಗರರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಅನ್ವಿತ ಗಣಿತ ವಿಭಾಗವನ್ನು ಕಟ್ಟಿದರು. ಬಣ್ಣ, ರಕ್ತ, ಗಟ್ಟಿಯಾದ ಅಂಬಲಿ ಮೊದಲಾದವು ನೀರಿನಂತೆ ಹರಿಯವು; ಅಂತಹ ದ್ರವಗಳ ನಿಯಮವನ್ನು ಶಿಷ್ಯರೊಡನೆ ಶೋಧಿಸಿದರು. ತಾವೊಬ್ಬರೇ ಕೀರ್ತಿವಂತರಾಗುವುದಕ್ಕಿಂತ ತರುಣರನ್ನು ಸಂಶೋಧನೆಗೆ ಹಚ್ಚುವುದೇ ಹಿರಿದೆಂಬುದು ಅವರ ನಡೆಯಲ್ಲಿ ವ್ಯಕ್ತವಾಗಿದ್ದಿತು. ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಸಂದಿತು.

ಅನಂತರ ರಾಜಸ್ಥಾನ ವಿಶ್ವವಿದ್ಯಾನಿಲಯದ ಕುಲಪತಿತ್ವವೇ ಮೊದಲಾದ ಆಡಳಿತದ ಭಾರಗಳು ಬಂದೊದಗಿದವು. ಕಡೆಗೆ ಸಂಶೋಧನೆಗೇ ಮೀಸಲಾದ ಅಲಹಾಬಾದಿನ ಮೆಹತಾ ಸಂಸ್ಥೆಯ ನಿರ್ದೇಶಕರಾಗಿ ಮರಳಿ ಗಣಿತವನ್ನು ಸೇರಿದರು. ಆದರೆ ಆಯುಷ್ಯವು ಸಾಲದಾಯಿತು. ೧೯೭೬ರ ಅಕ್ಟೋಬರ್ ೫ರಂದು ತಮ್ಮ ೬೪ನೆಯ ವಯಸ್ಸಿನಲ್ಲಿ ಕಾಲವಶರಾದರು. ತರಂಗಗಳನ್ನು ಕುರಿತ ಅವರ ಗ್ರಂಥವು ೧೯೭೯ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದಿತು. ಅಚ್ಚಾದ ಪುಟಗಳನ್ನು ನೋಡಲು ಅವರು ಉಳಿದಿರಲಿಲ್ಲ. ಗುರುವು ಮುಗಿಸದೆ ಬಿಟ್ಟುದನ್ನು ಶಿಷ್ಯರು ಮುಂದುವರಿಸುವುದೇ ವಿದ್ಯೆಯ ಬಾಳು. ಆ ಬಾಳನ್ನು ಬೆಂಗಳೂರಿನಲ್ಲಿ ಬಿತ್ತಿ ಹೋದುದೇ ಭಟ್ನಾಗರರ ನಿಜವಾದ ಸ್ಮಾರಕ.