ಲವ್ಲೇಸ್ ದೊರೆಸಾನಿಯ ಚರಿತ್ರೆ

ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗಿಯರಲ್ಲಿ ಹಲವರು ಈಗ ಕಂಪ್ಯೂಟರಿನ ಕೆಲಸದಲ್ಲಿರುವರು. ಅವರಿಗಾಗಿಯೂ, ಹೆಣ್ಣುಮಕ್ಕಳಿಗೆ ಗಣಿತವೇತಕ್ಕೆಂದು ಇನ್ನೂ ನನ್ನನ್ನು ಕೇಳುವ ಕೆಲವು ತಾಯಿತಂದೆಗಳಿಗಾಗಿಯೂ ಈ ಚರಿತ್ರೆಯನ್ನು ಬರೆದಿದ್ದೇನೆ.

ಅಡಾ ಎಂಬಾಕೆಯು 1815ನೆಯ ಇಸವಿ ದಶಂಬರ 10ನೆಯ ತಾರೀಖು ಲಂಡನ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಪ್ರಖ್ಯಾತ ಕವಿಯಾದ ಬೈರನ್ ಪ್ರಭು. ಕೂಸಿಗೆ ಒಂದು ತಿಂಗಳಾಗುತ್ತಲೇ ತಾಯಿಯು ಅದನ್ನೆತ್ತಿಕೊಂಡು ತವರಿಗೆ ಹೊರಟುಹೋದಳು. ತಂದೆಯು ದೇಶವನ್ನೇ ತೊರೆದು 1824ರಲ್ಲಿ ಗ್ರೀಸ್ ದೇಶದಲ್ಲಿ ತೀರಿಕೊಂಡನು. ಮಗಳು ಆತನ ಮುಖವನ್ನರಿಯಳು. ಆತನ ಚಂಚಲ ಸ್ವಭಾವವು ಮಗಳಿಗೆ ಅಂಟಬಾರದೆಂದು ತಾಯಿಯು ಆಕೆಗೆ ಚಿಕ್ಕಂದಿನಿಂದಲೇ ಗಣಿತವನ್ನು ಹೇಳಿಸಿದಳು. ಕಾರಣವು ವಿಚಿತ್ರವಾದದ್ದು, ಆದರೂ ಫಲವು ಒಳ್ಳೆಯದಾಯಿತು. 1829ರಲ್ಲಿ ದಡಾರವು ಬಂದು, ಕಾಲುಗಳ ಬಲವುಡುಗಿ, ಹುಡುಗಿಯು ಬಹುಕಾಲ ಹಾಸಿಗೆ ಹಿಡಿದು, ಅನಂತರ ಊರುಗೋಲಿನಿಂದ ನಡೆಯಬೇಕಾಯಿತು. ಓದು ಮಾತ್ರ ನಿಲ್ಲಲಿಲ್ಲ.

1833ರಲ್ಲಿ, ಹದಿನೇಳು ವರ್ಷದವಳಾಗಿದ್ದಾಗ, ಚಾರ್ಲ್ಸ್ ಬ್ಯಾಬೇಜ್ ಎಂಬ ವಿದ್ವಾಂಸನು ಮಾಡಿಸುತ್ತಿದ್ದ ಲೆಕ್ಕದ ಯಂತ್ರದ ಒಂದು ಭಾಗವನ್ನು ಕಂಡು ಬೆರಗಾದಳು. 1835ರಲ್ಲಿ ವಿವಾಹವಾಯಿತು, ಪತಿಗೆ 1838ರಲ್ಲಿ ಲವ್ಲೇಸ್ ಎಂಬ ಪದವಿಯು ಬಂದಿತು. ಮೂವರು ಮಕ್ಕಳ ತಾಯಿಯಾದ ಮೇಲೆಯೂ ಆಕೆಯು 1840ರಿಂದ ಡಿ ಮಾರ್ಗನ್ ಎಂಬ ಪಂಡಿತನಲ್ಲಿ, ಹೆಚ್ಚಾಗಿ ಕಾಗದಗಳ ಮೂಲಕ, ಉನ್ನತ ಗಣಿತವನ್ನು ಕಲಿತಳು. ಈ ಗುರುವು ಹುಟ್ಟಿದ ಊರು ನಮ್ಮ ದಕ್ಷಿಣದೇಶದ ಮಧುರೆಯೇ ಎಂಬುದನ್ನು ವಾಚಕರು ಗಮನಿಸಬೇಕು.

ಬ್ಯಾಬೇಜನು ಕಲ್ಪಿಸಿದ ಎರಡನೆಯ ಯಂತ್ರವನ್ನು ಕುರಿತು ಮೆನಬ್ರಿಯಾ ಎಂಬ ಇಟಲಿಯವನು 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಅಡಾ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಮೂಲಕ್ಕಿಂತ ಸುಮಾರು ಎರಡುಪಟ್ಟು ದೀರ್ಘವಾದ ಏಳು ಟಿಪ್ಪಣಿಗಳನ್ನು ಜೊತೆಗೆ ಸೇರಿಸಿ, 1843ರಲ್ಲಿ ಅಚ್ಚುಹಾಕಿಸಿದಳು. ತನ್ನ ಪೂರ್ಣ ಹೆಸರನ್ನು ಹಾಕಿಕೊಳ್ಳದೆ ಮೂರು ಅಕ್ಷರಗಳನ್ನಷ್ಟೇ ಅದಕ್ಕೆ ಹಾಕಿದಳು. ಸರಕಾರವನ್ನು ದೂಷಿಸುವ ಒಂದು ಬರಹವನ್ನು ತನ್ನ ಸಹಿಯಿಲ್ಲದೆ ಅದರಲ್ಲಿ ಸೇರಿಸಬೇಕೆಂದು ಬ್ಯಾಬೇಜನು ಹಟಹಿಡಿದಾಗ ಆಕೆಯು ಒಪ್ಪಲಿಲ್ಲ. ಗುರುಸಮಾನನಾದವನಿಗೆ ಹಾಗೆ ಇಲ್ಲವೆನ್ನಲು ಧೈರ್ಯವು ಬೇಕು. ಕೊನೆಯ ಟಿಪ್ಪಣಿಯಲ್ಲಿ, ಬರ್ನೂಲಿ ಸಂಖ್ಯೆಗಳನ್ನು ಆ ಯಂತ್ರವು ಹೆಜ್ಜೆಹೆಜ್ಜೆಯಾಗಿ ಗಣಿಸಬೇಕಾದ ಕ್ರಮದ ಪಟ್ಟಿಯಿದೆ. ಅದರಲ್ಲಿ ಬ್ಯಾಬೇಜನ ಪಾಲು ಎಷ್ಟು, ಅಡಾಳ ಪಾಲು ಎಷ್ಟು ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆದರೆ ನನ್ನ ಎಣಿಕೆಯಲ್ಲಿ ಮೊದಲನೆಯ ಟಿಪ್ಪಣಿಯೇ ಹೆಚ್ಚಿನದು.

ಅದರಲ್ಲಿ ಆಕೆಯು ಕ್ರಿಯೆಯನ್ನೂ ಕ್ರಿಯೆಗೆ ಒಳಗಾಗುವ ವಸ್ತುವನ್ನೂ ಬೇರ್ಪಡಿಸಿದಳು. ಗಣಿತದಲ್ಲಿ ಒಂದೇ ಅಂಕಿಯು ಒಮ್ಮೆ ಪ್ರಮಾಣವನ್ನೂ, ಘಾತವಾಗಿ ಮೇಲೆ ಕುಳಿತಾಗ ಕ್ರಿಯೆಯನ್ನೂ ಸೂಚಿಸುವುದರಿಂದ ಗೊಂದಲವುಂಟಾಗುವುದೆಂದು ತೋರಿಸಿದಳು. (ನಮ್ಮ ಎಂಟನೆಯ ತರಗತಿಯವರು ಇದನ್ನು ಚೆನ್ನಾಗಿ ಬಲ್ಲರು.) ಕ್ರಿಯೆಯ ನಿಯಮಗಳು ಸ್ಪಷ್ಟವಾಗಿದ್ದರೆ ವಸ್ತುವು ಸಂಖ್ಯೆಯೇ ಆಗಿರಬೇಕೆಂದಿಲ್ಲ, ಸಂಗೀತದ ಸ್ವರಗಳೂ ಆಗಬಹುದೆಂದು ಊಹಿಸಿದಳು. ಆ ಯಂತ್ರವಾದರೋ ಕಟ್ಟಲ್ಪಡಲೇ ಇಲ್ಲ.

ಆಕೆಯ ಕೊನೆಯ ವರ್ಷಗಳು ದುಃಖಕರವಾದವು. ಕುದುರೆಯ ಜೂಜಿನಲ್ಲಿ ಸಾಲಮಾಡಿದಳು; ಇದನ್ನು ಮರೆಮಾಚುವುದು ಸರಿಯಲ್ಲ. ಗರ್ಭಕೋಶದ ಅರ್ಬುದರೋಗದಿಂದ ಬಹಳ ನೊಂದು, 1852ನೆಯ ನವಂಬರ 27ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ಮರಣಹೊಂದಿದಳು. ಆಕೆಯ ಇಚ್ಛೆಯಂತೆ, ಎಂದೂ ನೋಡದ ತಂದೆಯ ಪಕ್ಕದಲ್ಲಿಯೇ, ಹಕ್ನಲ್ ಊರಿನ ದೇವಾಲಯದಲ್ಲಿ ಹೂಳಿದರು.

ಮುಂದೆ ಕಂಪ್ಯೂಟರುಗಳು ಬಂದವು. 1960ರ ದಶಕದಲ್ಲಿ ನಾರ್ವೆ ದೇಶದ ಡಾಲ್ ಮತ್ತು ನ್ಯೂಗಾರ್ಡ್ ಎಂಬವರು, ಅಡಾ ಬೇರ್ಪಡಿಸಿದ್ದ ಎರಡನ್ನೂ ಹೊಸ ರೀತಿಯಲ್ಲಿ ಜೋಡಿಸಿದರು: ಒಂದು ಬಗೆಯ ವಸ್ತುಗಳಿಗೆಲ್ಲಾ ಒಂದು ವರ್ಗ, ಆ ವರ್ಗದಲ್ಲಿ ಅವುಗಳ ಕ್ರಿಯೆಗಳು. ಗಂಟೆ ಬಾರಿಸಿದಾಗ ಏನು ಮಾಡಬೇಕೆಂಬುದನ್ನು ನಾವು ಒಬ್ಬೊಬ್ಬ ಹುಡುಗಿಗೂ ಚೀಟಿಯಲ್ಲಿ ಬರೆದುಕೊಡುವೆವೋ? ತರಗತಿಗೆ ಒಮ್ಮೆ ಹೇಳಿದರೆ ಸಾಕು. ಹಾಗೆಯೇ, 40 ನಿಮಿಷಕ್ಕೆ 30 ನಿಮಿಷವನ್ನು ಕೂಡಿದರೆ 1 ಗಂಟೆ 10 ನಿಮಿಷವೆಂದು ಬರಬೇಕಾದರೆ, ಕೂಡುವ ಗುರುತಿನ ಅರ್ಥವನ್ನು ಕಾಲವೆಂಬ ವರ್ಗದಲ್ಲಿ ಒಂದಾವೃತ್ತಿ ಬರೆದಿಡುವರು. ಆ ವರ್ಗದ ಪ್ರತಿಯೊಂದು ವಸ್ತುವಿಗೂ ಅದೇ ಅನ್ವಯಿಸುವುದು.

ಅಮೆರಿಕದ ರಕ್ಷಣಾ ಇಲಾಖೆಯು ತಾನು ಮಾಡಿಸಿದ ಕಂಪ್ಯೂಟರ್ ಭಾಷೆಗೆ ಅಡಾ ಎಂದು ಹೆಸರಿಟ್ಟು, ಅದರ 1980ರ ಪ್ರಮಾಣಗ್ರಂಥಕ್ಕೆ ಆಕೆಯ ಜನ್ಮವರ್ಷವಾದ 1815 ಎಂಬ ಸಂಖ್ಯೆಯನ್ನು ಕೊಟ್ಟಿತು. ಆ ಭಾಷೆಯನ್ನು 1995ರಲ್ಲಿ ಪರಿಷ್ಕರಿಸಿದಾಗ ಮೂರು ವಿಶೇಷ ಕ್ರಿಯೆಗಳು ಸೇರಿದವು. ಅವುಗಳನ್ನು ವರ್ಗದಲ್ಲಿ ಬರೆದಿಟ್ಟರೆ, ಯಾರೂ ಕರೆಯದಿದ್ದರೂ, ವಸ್ತುವು ಹುಟ್ಟುತ್ತಲೇ ಒಂದು, ನಕಲಾಗುತ್ತಲೇ ಮತ್ತೊಂದು, ಅಳಿಯುವುದಕ್ಕೆ ಮುಂಚೆ ಮೂರನೆಯದು ತಾವಾಗಿಯೇ ನಡೆಯುವುವು.